ಪ್ರಭುವಿನ ಕೂಲಿಂಗ್ ಗ್ಲಾಸ್

ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಸಾಕು, ಜಗದಾಂಬ ಲಾಳಿ ಬಿಟ್ಟು ಮಗ್ಗದ ಗುಂಡಿಯಿಂದ ಎದ್ದು ಹೊರಗೆ ಓಡುತ್ತಿದ್ದಳು. ಮೊಳಕಾಲ್ಮೂರಿನ ಆ ಕೇರಿಯಲ್ಲಿ ರೇಷ್ಮೆ ಸೀರೆ ನೇಯುವ ಹೆಂಗಸರಿಗೆಲ್ಲ ಅದೊಂದು ತಮಾಷೆ. "ನಿನ್ ತಮ್ಮ ಅಷ್ಟು ಮ್ಯಾಲೆ ಹೋಗಲ್ಲ ಕಣೇ, ಅವಂದಿನ್ನೂ ಸಣ್ಣ ಇಮಾನ" ಎಂದು ಅವಳು ಹಿಂದೊಮ್ಮೆ ಹೇಳಿದ್ದನ್ನೇ ಅವಳಿಗೆ ತಿರುಗಿಸಿ ಹೇಳುತ್ತಿದ್ದರು. ಅವಳಿಗೇನೂ ಬೇಸರವಿರಲಿಲ್ಲ. ದೊಡ್ಡಉಳ್ಳಾರ್ತಿಯಲ್ಲಿ ಕಡಲೆಕಾಯಿ ಕೀಳುವ ಕೂಲಿಗೆ ಹೋಗುತ್ತಿದ್ದ ತನ್ನವ್ವ ಕರಿಯಕ್ಕನ ಮಗ ಬೆಂಗಳೂರಿನಲ್ಲಿ ಸರ್ಕಾರದ ಸೀಟಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾನೆ ಎಂಬ ಮಾತನ್ನು ಯಾರ ಬಾಯಲ್ಲಿ ಹೇಗೆ ಕೇಳಿದರೂ ಅವಳಿಗೆ ಹಿತವೇ.

ಅವ್ವ ಸತ್ತಾಗ ಪ್ರಭುವಿಗಿನ್ನೂ ಹಾಲುಹಲ್ಲು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದ. ಜಗದಾಂಬ ತಮ್ಮನನ್ನು ಸೊಂಟದ ಮೇಲೆ ಹೊತ್ತೇ ಬೆಳೆಸಿದಳು. ಯರ್ರಪ್ಪನನ್ನು ಮದುವೆಯಾಗಿ ಮೊಳಕಾಲ್ಮೂರಿಗೆ ಬರುವಾಗಲೂ "ನನ್ ಜತೆ ಇವನೂ ಬರ್ತಾನೆ, ಒಪ್ಪಿದ್ರೆ ತಾಳಿ ಕಟ್ಟು" ಅಂದಿದ್ದಳು. ಯರ್ರಪ್ಪ ಲಾರಿಗೆ ಮೂಟೆ ಹೊರುವವನು, ಮಾತು ಕಡಿಮೆ, ಆಡಿದ್ದರಲ್ಲಿ ಅರ್ಧ ತೆಲುಗು. ಹೆಂಡತಿಯ ತಮ್ಮನನ್ನು ಮಗನ ಹಾಗೆ ಸಾಕಿದ.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಕಲಿಕೆಯ ವಿಮಾನಗಳೆಲ್ಲ ರಿಪೇರಿಗೆ ನಿಂತಿದ್ದವೆಂದು ಪ್ರಭು ಊರಿಗೆ ಬಂದ. ಬಂದವನು ಊಟಕ್ಕೆ ಕೂತಾಗ ಹೇಳಿದ:

"ಅಕ್ಕ, ಒಂದು ಕೂಲಿಂಗ್ ಗ್ಲಾಸ್ ತಗೋಬೇಕು. ವಿಮಾನ ಇಳಿಸುವಾಗ ಬಿಸಿಲು ಕಣ್ಣಿಗೆ ಹೊಡೀತೈತೆ. ಎದುರಿಗೆ ಎಲ್ಲಾ ಬೆಳ್ಳಗೆ ಆಗಿಬಿಡ್ತೈತೆ. ಕಲಿಸೋ ಸಾರೂ ಹೇಳಿದ್ರು. ಉಳಿದ ಹುಡುಗ್ರೆಲ್ಲ ಫಾರಿನ್ನಿಂದ ತರಿಸ್ಕೊಂಡವ್ರೆ."

"ನಿಂಗೂ ಅದನ್ನೇ ತರ್ಸಣ."

"ಅದರ ರೇಟು ಕೇಳಿದ್ರೆ ನೀನು ಊಟ ಬಿಡ್ತೀಯ" ಎಂದು ನಕ್ಕ. "ಚಳ್ಳಕೆರೇಲಿ ಹುಸೇನ್ ಸಾಬ್ರ ಅಂಗ್ಡಿ ಐತಲ್ಲ, ಅಲ್ಲಿ ನೋಡಣ. ಹೆಸರು ಬ್ಯಾಡ, ಗಾಜು ಸರಿಯಾಗಿದ್ರೆ ಸಾಕು."

ಮಾರನೆಯ ದಿನ ಜಗದಾಂಬ ಮಗ್ಗಕ್ಕೆ ರಜೆ ಹಾಕಿ ಹಬ್ಬದ ವಾಯಿಲ್ ಸೀರೆ ಉಟ್ಟು ತಮ್ಮನ ಜೊತೆ ಬಸ್ಸು ಹತ್ತಿದಳು. ಹಾನಗಲ್ಲು, ತಳಕು ದಾಟುವಾಗ ಹೊರಗೆ ಬಿಸಿಲು ಬಿಳಿಯ ಬೂದಿಯ ಹಾಗೆ ಸುರಿಯುತ್ತಿತ್ತು. ಪಕ್ಕದಲ್ಲಿ ಕೂತ ಅಪರಿಚಿತ ಮುದುಕಿಗೂ ಅವಳು ಹೇಳಿದಳು, "ಇವನಿಗೆ ಕೂಲಿಂಗ್ ಗ್ಲಾಸ್ ತರಾಕೆ ಹೊಂಟೀವಿ. ಇಮಾನ ಓಡಿಸ್ತಾನೆ." ಪ್ರಭು ನಾಚಿ ಕಿಟಕಿಯತ್ತ ಮುಖ ತಿರುಗಿಸಿದ.

ಹುಸೇನ್ ಸಾಬರ ಅಂಗಡಿ ಚಳ್ಳಕೆರೆಯ ಪೇಟೆಯ ಒಂದು ಓಣಿಯಲ್ಲಿತ್ತು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟ ಪ್ರಭು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಮುಂದೆ ಬಂದವನು ಎದುರಿಗಿದ್ದ ಸ್ಟೂಲನ್ನು ಎಡವಿದ.

"ಆಯಿಯೇ, ಬನ್ನಿ ಅಮ್ಮ. ಸಂಭಾಳ್ಕೆ ಬೇಟಾ, ಹುಷಾರು" ಎಂದರು ಹುಸೇನ್ ಸಾಬ್. ವಿಷಯ ಕೇಳಿ ಅವರ ಮುಖ ಅರಳಿತು. ಬಾಳೆಗೊನೆಯ ಹಾಗೆ ಕಡ್ಡಿಗೆ ಸಿಕ್ಕಿಸಿದ್ದ ಕನ್ನಡಕಗಳನ್ನೆಲ್ಲ ಇಳಿಸಿ ಗಾಜಿನ ಪೆಟ್ಟಿಗೆಯ ಮೇಲೆ ಹರಡಿದರು.

ಜಗದಾಂಬ ಚಿನ್ನದ ಬಣ್ಣದ ದೊಡ್ಡದೊಂದನ್ನು ಎತ್ತಿಕೊಂಡಳು. "ಇದು ಹಾಕ್ಕೋ. ರಾಜ ಇದ್ದಂಗೆ ಇರ್ತೀಯ."

"ಇದು ಪೋಲರೈಸ್ಡ್ ಗಾಜು ಅಕ್ಕ. ನೀರಿನ ಮೇಲಿನ ಹೊಳಪು ತೆಗೆಯುತ್ತೆ, ಮೀನು ಹಿಡಿಯೋರಿಗೆ ಒಳ್ಳೇದು. ನಮಗೆ ಆಗಲ್ಲ. ರೇಡಿಯೋದಲ್ಲಿ ಮೂಡೋ ಅಂಕಿ ಕಾಣದಂಗೆ ಆಗ್ತೈತೆ. ದೂರದಲ್ಲಿ ಇನ್ನೊಂದು ವಿಮಾನ ಬಂದ್ರೆ ಅದರ ರೆಕ್ಕೆ ಮಿಂಚೋದೂ ಗೊತ್ತಾಗಲ್ಲ."

ಹಳದಿಯದು ಬೇಡವೆಂದ, ಕೆಂಪು ಹಸಿರು ದೀಪಗಳ ಬಣ್ಣವೇ ಬೇರೆ ಕಾಣುತ್ತದಂತೆ. ಕಡ್ಡಿ ದಪ್ಪವಿದ್ದದ್ದನ್ನು ಪಕ್ಕಕ್ಕೆ ಸರಿಸಿದ; ಕಿವಿಗೆ ಹೆಡ್‌ಫೋನ್ ಹಾಕಿದರೆ ತಲೆಗೆ ಒತ್ತುತ್ತದಂತೆ. ಒಂದನ್ನು ಕೈಯಳತೆ ದೂರ ಹಿಡಿದು ಅದರ ಮೂಲಕ ಎದುರಿನ ಅಂಗಡಿಯ ಷಟರ್ ಗೆರೆ ನೋಡಿದ. "ಗೆರೆ ಹಾವಿನಂಗೆ ಆಡ್ತೈತೆ. ಗಾಜು ಸರಿ ಇಲ್ಲ." ಹೀಗೆ ಬಿಡುತ್ತ ಬಿಡುತ್ತ ಕೊನೆಗೆ ಸಣ್ಣ ತಂತಿಯಂಥ ಕಡ್ಡಿಯ, ಬೂದು ಬಣ್ಣದ ಒಂದು ಉಳಿಯಿತು. ನೋಡಲು ಏನೂ ಇಲ್ಲ, ಆದರೆ ಗೆರೆ ನೆಟ್ಟಗಿತ್ತು. ಹುಸೇನ್ ಸಾಬ್ ಕೇಳದೆಯೇ ರೇಟು ಇಳಿಸಿದರು. ತಮ್ಮ ಹಾಕಿಕೊಂಡು ಕನ್ನಡಿ ನೋಡಿದಾಗ ಜಗದಾಂಬ ಅವನ ಅಂಗಿಯ ಕಾಲರ್ ನೆಟ್ಟಗೆ ಮಾಡಿದಳು. ಅವ್ವ ಇರಬೇಕಿತ್ತು ಅಂದುಕೊಂಡಳು.

ಅಷ್ಟರಲ್ಲಿ ಹುಸೇನ್ ಸಾಬ್ ಪೆಟ್ಟಿಗೆಯ ಆ ತುದಿಯಿಂದ ಗಾಜು ಒರೆಸುವ ಬಟ್ಟೆಯೊಂದನ್ನು ಪ್ರಭುವಿನ ಎಡಗಡೆಗೆ ಚಾಚಿ ಹಿಡಿದರು. ಅವನು ತೆಗೆದುಕೊಳ್ಳಲಿಲ್ಲ.

"ತಗೊಳ್ಳಿ ಬೇಟಾ."

ಪ್ರಭು ಕನ್ನಡಕ ತೆಗೆದು, ದನಿ ಬಂದ ಕಡೆಗೆ ಇಡೀ ತಲೆಯನ್ನು ತಿರುಗಿಸಿ, ಕೋಳಿ ಕಾಳು ಹುಡುಕುವ ಹಾಗೆ ಕತ್ತು ಅತ್ತ ಇತ್ತ ಆಡಿಸಿ, ಆಮೇಲೆ ಬಟ್ಟೆ ಕಂಡು ನಕ್ಕು ಕೈನೀಡಿದ.

ಜಗದಾಂಬ ದುಡ್ಡು ಎಣಿಸುವುದನ್ನು ನಿಲ್ಲಿಸಿದಳು. ಹಾಗೆ ಕತ್ತು ಆಡಿಸುತ್ತಿದ್ದವರನ್ನು ಅವಳು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದಳು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳು ತಮ್ಮನ ಎಡಕ್ಕೆ ಬಂದಳು, ಬಲಕ್ಕೆ ಬಂದಳು. ಅವನ ಕಿವಿಯಿಂದ ಸ್ವಲ್ಪವೇ ಮುಂದೆ ಕೈ ಎತ್ತಿ ಆಡಿಸಿದಳು. ಅವನು ಕಡಲೆಕಾಯಿ ಎಣ್ಣೆ ಗಿರಣಿಯ ಬಗ್ಗೆ ಏನೋ ಹೇಳುತ್ತ ನೆಟ್ಟಗೆ ನೋಡಿಕೊಂಡೇ ನಡೆದ. ಕೈ ಎದುರಿಗೆ ಬರುವಷ್ಟು ಮುಂದಾದ ಮೇಲೆ ಬೆಚ್ಚಿ ನಿಂತ.

"ಏನಕ್ಕ?"

"ಯಾವಾಗಿಂದ ಹಿಂಗೆ?"

"ಏನು ಹೆಂಗೆ?"

"ಪಕ್ಕದಾಗಿದ್ದದ್ದು ಕಾಣಲ್ಲ ನಿಂಗೆ. ಸಂಜೆ ಆದ್ರೆ ಹೆಂಗೆ?"

ಪ್ರಭು ಬಿರಬಿರನೆ ಮುಂದೆ ನಡೆದ. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ. ಆಮೇಲೆ, "ಬಿಸಿಲಿನ ದೆಸೆಯಿಂದ ಅಕ್ಕ. ಅದಕ್ಕೇ ತಾನೆ ಇದನ್ನ ತಗೊಂಡಿದ್ದು" ಎಂದ.

"ಬಿಸಿಲಿಂದಲ್ಲ ಕಣೋ." ಜಗದಾಂಬ ಇಷ್ಟು ವರ್ಷ ಬಾಯಿ ಬಿಡದಿದ್ದ ಮಾತನ್ನು ಆ ಗದ್ದಲದ ನಡುವೆ ಹೇಳಿದಳು. "ಅವ್ವ ಕಾಲು ಜಾರಿ ಬಾವಿಗೆ ಬಿದ್ಲು ಅಂತ ನಿಂಗೆ ಹೇಳಿದ್ನಲ್ಲ, ಜಾರಲಿಲ್ಲ. ಅವಳಿಗೆ ಇರುಳುಗಣ್ಣು. ಮೊದ್ಲು ಸಂಜೆ ಹೊತ್ತು ಕಾಣ್ತಿರ್ಲಿಲ್ಲ. ಆಮೇಲೆ ಹಗಲಲ್ಲೂ ಪಕ್ಕದ್ದು ಕಾಣ್ತಿರ್ಲಿಲ್ಲ. ಕೊಳವೇಲಿ ನೋಡ್ದಂಗೆ ಎದುರಿಗಿದ್ದಷ್ಟೇ. ಕೆಲಸ ಮುಗಿಸ್ಕೊಂಡು ಬರೋವಾಗ ಕತ್ಲಾಗಿತ್ತು. ಬಾವಿ ಇದ್ದದ್ದು ಅವಳಿಗೆ ಕಾಣ್ಲಿಲ್ಲ."

ಪ್ರಭು ಎದ್ದು ನಿಂತ. "ಸುಳ್ಳು! ಡಾಕ್ಟ್ರು ನೋಡಿ ಪಾಸ್ ಮಾಡವ್ರೆ. ಗೋಡೆ ಮೇಲಿನ ಅಕ್ಷರ ಕೊನೆ ಸಾಲಿನವರೆಗೂ ಓದೀನಿ ನಾನು."

"ಎದುರಿಗಿದ್ದದ್ದು ಅವ್ವನಿಗೂ ಚೆನ್ನಾಗೇ ಕಾಣ್ತಿತ್ತು. ಸೂಜಿಗೆ ದಾರ ಅವಳೇ ಪೋಣಿಸ್ತಿದ್ಲು."

ಬಸ್ಸು ಬಂತು. ಇಬ್ಬರೂ ಹತ್ತಿದರು. ತಳಕು ದಾಟಿತು. ಆಮೇಲೆ ಪ್ರಭು ತನಗೆ ತಾನೇ ಹೇಳಿಕೊಳ್ಳುವವನ ಹಾಗೆ ಶುರು ಮಾಡಿದ: "ಹೋದ ತಿಂಗಳು ಇಳಿಸೋವಾಗ ಎಡಗಡೆಯಿಂದ ಇನ್ನೊಂದು ವಿಮಾನ ಬಂತು. ನಾನು ನೋಡ್ಲೇ ಇಲ್ಲ. ಸಾರು ಕಿರುಚಿ ಹಿಡಿಕೆ ಕಿತ್ಕೊಂಡ್ರು. ಬಿಸಿಲು ಹೊಡೀತು ಸಾರ್ ಅಂದೆ. ಅವರೂ ನಂಬಿದ್ರು. ನಾನೂ ನಂಬಿದ್ದೆ."

"ಹೇಳಿಬಿಡೋ ಪ್ರಭು. ಅವರಿಗೆ ಹೇಳಿಬಿಡು."

"ಇನ್ನು ಸ್ವಲ್ಪ ದಿನ ಅಕ್ಕ. ಲೈಸೆನ್ಸ್ ಕೈಗೆ ಬರೋತನಕ."

"ಆಮೇಲೆ? ನಿನ್ ಹಿಂದೆ ಜನ ಕೂತ್ಕಂತಾರೆ. ಅವರ ಮನೇಲೂ ಅಕ್ಕಂದಿರು ಇರ್ತಾರೆ."

ಪ್ರಭು ಅವಳನ್ನು ನೋಡಿದ ನೋಟವನ್ನು ಅವಳಿಗೆ ಆಮೇಲೆ ಎಷ್ಟೋ ಕಾಲ ಮರೆಯಲಾಗಲಿಲ್ಲ. "ಊರಿಗೆಲ್ಲ ಸಾರಿದವಳು ನೀನೇ. ಈಗ ಬ್ಯಾಡ ಅನ್ನೋಳೂ ನೀನೇ" ಎಂದ.

ಬೆಳಗ್ಗೆ ಅವಳು ರೊಟ್ಟಿ ತಟ್ಟುವಷ್ಟರಲ್ಲಿ ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟ. "ಏಮಯ್ಯಾ, ತಿನಿ ಪೋ, ತಿಂದು ಹೋಗೋ" ಎಂದು ಯರ್ರಪ್ಪ ಬೀದಿಯ ಕೊನೆಯವರೆಗೂ ಹಿಂದೆ ಹೋಗಿ ಕರೆದ. ಪ್ರಭು ತಿರುಗಲಿಲ್ಲ.

ಅಲ್ಲಿಂದ ಮುಂದೆ ಜಗದಾಂಬನಿಗೆ ಮಗ್ಗದಲ್ಲಿ ಕೈ ಓಡಲಿಲ್ಲ. ಎಳೆ ಹರಿಯುತ್ತಿತ್ತು, ಅಂಚು ಸೊಟ್ಟಗಾಗುತ್ತಿತ್ತು. ಮಗ್ಗದ ಯಜಮಾನರು ಬೈದರೂ ಕಿವಿಗೆ ಬೀಳುತ್ತಿರಲಿಲ್ಲ. ವಿಮಾನ ಕಲಿಸುವವರಿಗೆ ತಾನೇ ಫೋನು ಮಾಡಿ ಹೇಳಲೇ ಎಂದು ಎಸ್‌ಟಿಡಿ ಬೂತಿನವರೆಗೆ ಹೋದಳು. ಬಾಗಿಲ ಮೇಲೆ ಕೈಯಿಟ್ಟವಳು ವಾಪಸ್ಸು ಬಂದಳು. ಮಾರನೆಯ ದಿನವೂ ಹೋಗಿ ಬಂದಳು. ತಾನೇ ಹೊತ್ತು ಸಾಕಿದವನನ್ನು ತನ್ನ ಬಾಯಿಂದಲೇ ನೆಲಕ್ಕೆ ಹಾಕುವುದು ಹೇಗೆ? ಹಾಕದಿದ್ದರೆ ಅವನು ಬೀಳುವುದು ಎಷ್ಟು ಎತ್ತರದಿಂದ? ಗಂಡನನ್ನು ಕೇಳಿದಳು. "ವಾಡು ಒಳ್ಳೆಯವನು, ನಮ್ಮ ಪ್ರಭು" ಎಂದ ಯರ್ರಪ್ಪ. "ಅವನೇ ಹೇಳ್ತಾನೆ. ಸ್ವಲ್ಪ ತಡ್ಕೋ."

ಒಂದು ಮಧ್ಯಾಹ್ನ ಬೂತಿನವರು ಕರೆಕಳಿಸಿದರು. ಜಗದಾಂಬ ಓಡಿಹೋಗಿ ರಿಸೀವರ್ ಹಿಡಿದಳು.

"ಅಕ್ಕ, ನಾನೇ ಹೇಳ್ದೆ. ದೊಡ್ಡ ಆಸ್ಪತ್ರೇಲಿ ನೋಡಿದ್ರು."

"ಏನಂದ್ರು?"

"ಅವ್ವಂದೇ. ಮದ್ದಿಲ್ಲವಂತೆ. ನಿಧಾನಕ್ಕೆ ಕಮ್ಮಿಯಾಗ್ತಾ ಹೋಗ್ತೈತಂತೆ. ಇನ್ನು ಹಾರಿಸೋ ಹಂಗಿಲ್ಲ."

"ಮನೆಗೆ ಬಾರೋ."

"ಈಗ ಬ್ಯಾಡ" ಎಂದು ಅವನು ಫೋನಿಟ್ಟ. ಅವಳು ಬೂತಿನೊಳಗೇ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನು ಬದುಕಿದ್ದಾನೆಂಬ ನೆಮ್ಮದಿಯೂ ಆ ಅಳುವಿನಲ್ಲಿ ಸೇರಿತ್ತು. ಅದಕ್ಕಾಗಿ ಅವಳಿಗೆ ನಾಚಿಕೆಯೂ ಆಯಿತು.

ಅವನು ಬಂದದ್ದು ಮುಂದಿನ ಯುಗಾದಿ ಕಳೆದ ಮೇಲೆ. ಬಡಕಲಾಗಿದ್ದ. ನೇಕಾರರ ಸಂಘದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸಂಘದ ಹಿಂದಿನ ಕೋಣೆಯಲ್ಲೇ ಇರುತ್ತೇನೆಂದ. ಜಗದಾಂಬ ಬಲವಂತ ಮಾಡಲಿಲ್ಲ. ದಿನಾ ಕೆಲಸ ಮುಗಿಸಿ ಅಕ್ಕನ ಮಗ್ಗದ ಹತ್ತಿರ ಬಂದು ಕೂರುತ್ತಿದ್ದ, ಹೊತ್ತು ಮುಳುಗುವ ಮುಂಚೆ ಎದ್ದು ಹೋಗುತ್ತಿದ್ದ. ಊರ ಮಾತು, ಸಂಘದ ಮಾತು ಆಡುತ್ತಿದ್ದ. ಬೆಂಗಳೂರಿನ ಮಾತು ಎತ್ತುತ್ತಿರಲಿಲ್ಲ. ಕೇರಿಯ ಹೆಂಗಸರೂ ಎತ್ತಲಿಲ್ಲ. ಅವರಿಗೆ ಅಷ್ಟು ತಿಳಿವಳಿಕೆ ಇತ್ತು.

ಮಳೆಗಾಲದ ಒಂದು ಸಂಜೆ ಲಾಳಿ ತಳ್ಳುತ್ತಲೇ ಜಗದಾಂಬ ಕೇಳಿದಳು, "ನೀನು ಒಬ್ನೇ ಹಾರಿಸಿದ ದಿನ ಹೆಂಗಿತ್ತೋ? ನಾನು ಕೇಳೇ ಇರ್ಲಿಲ್ಲ."

ಪ್ರಭು ಮಗ್ಗದ ಬದಿಯ ತುಂಡು ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡ. ಕೇಳಬಾರದಿತ್ತೇನೋ ಎಂದು ಅವಳು ಅಂದುಕೊಳ್ಳುವಾಗ ಶುರು ಮಾಡಿದ.

"ಸಾರು ಬಾಗಿಲು ತೆಗೆದು ಇಳಿದ್ರು. ಒಬ್ನೇ ಹೋಗಿ ಬಾ ಅಂದ್ರು. ಅವರ ಭಾರ ಇಲ್ವಲ್ಲ, ವಿಮಾನ ಬೇಗ ಎದ್ದುಬಿಡ್ತು. ನಾನು ಎಬ್ಬಿಸೋಕೆ ಮುಂಚೇನೇ ಎದ್ದಂಗೆ. ಪಕ್ಕದ ಸೀಟು ನೋಡ್ದೆ, ಖಾಲಿ. ಕೆಳಗೆ ಒಂದು ಕೆರೆ, ರೈಲು, ಯಾರೋ ಬಟ್ಟೆ ಒಣಗಾಕಿದ್ರು. ಮ್ಯಾಲೆ ಯಾರೂ ಕೇಳೋರಿಲ್ವಲ್ಲ, ನಿನ್ ಹೆಸರು ಹಿಡಿದು ಜೋರಾಗಿ ಕೂಗ್ದೆ ಅಕ್ಕ."

ಲಾಳಿ ನಿಂತಿತು. "ಹೆದರಿಕೆ ಆಗ್ಲಿಲ್ವಾ?"

"ಅಲ್ಲಿ ಆಗ್ಲಿಲ್ಲ" ಎಂದ.

ಮಾತಿನಲ್ಲಿ ಹೊತ್ತು ಹೋದದ್ದು ಇಬ್ಬರಿಗೂ ತಿಳಿದಿರಲಿಲ್ಲ. ಬೀದಿಯಲ್ಲಿ ಕರೆಂಟಿರಲಿಲ್ಲ. ಪ್ರಭು ಎದ್ದು ಹೊಸ್ತಿಲವರೆಗೆ ಹೋದ, ಅಲ್ಲೇ ನಿಂತ.

"ಅಕ್ಕ, ಕೋಣೆತನಕ ಬರ್ತೀಯಾ?"

ಬಂದ ಮೇಲೆ ಅವನು ಹಾಗೆ ಕೇಳಿದ್ದು ಅದೇ ಮೊದಲು. ಜಗದಾಂಬ ಗುಂಡಿಯಿಂದೆದ್ದು, ಕಾಲಿಗೆ ಅಂಟಿದ ಎಳೆಗಳನ್ನು ಒದರಿ, ತನ್ನ ಮೊಣಕೈಯನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ನಿಧಾನಕ್ಕೆ ಮೆಟ್ಟಿಲಿಳಿದರು.