ಕಿಟಕಿ ಕಾಕಾನಿಗಾಗಿ ಬೇರೆಯವರ ಮನೆಯಲ್ಲಿ ಅತ್ತದ್ದು

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ಸಾವಿನಿಂದ ಶುರು ಮಾಡಿದರೆ ನೀವು ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತೀರಿ, ಆಮೇಲೆ ನಗಿಸುವುದು ನನಗೆ ಕಷ್ಟ. ನಗೆಯಿಂದ ಶುರು ಮಾಡಿದರೆ ಸತ್ತವರಿಗೆ ಅವಮಾನ. ಮೊದಲ ಡ್ರಾಫ್ಟಿನಲ್ಲಿ "ಮಲಪ್ರಭೆಯ ಮೇಲೆ ಸೂರ್ಯ ಇಳಿಯುತ್ತಿದ್ದ" ಎಂದು ಬರೆದು ವಿಜಯಾಗೆ ಕಳಿಸಿದೆ. ವಿಜಯಾ ಈ ಕಥೆಯ ಮುಖ್ಯ ಪಾತ್ರ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಹಿಂದಿ ಟೀಚರು. ತಕ್ಷಣ ಫೋನು ಬಂತು.

"ಸರ, ಮಲಪ್ರಭಾ ಯಾಕ ಬಂತ್ರಿ ಇದರಾಗ? ನಾವು ಹೊಳಿ ಕಡೆ ಹೋಗೇ ಇಲ್ಲ. ದೊಡವಾಡಕ್ಕ ಹೋಗಿದ್ವಿ."

"ಅದು ವಾತಾವರಣಕ್ಕೆ..."

"ವಾತಾವರಣ ಬ್ಯಾಡ್ರಿ. ತಪ್ಪು ಮನಿಗೆ ಹೋಗಿ ಅತ್ತು ಬಂದ್ವಿ ಅಂತ ಬರೀರಿ. ಅಷ್ಟ."

ಆಯಿತು. ತಪ್ಪು ಮನೆಗೆ ಹೋಗಿ ಅತ್ತು ಬಂದರು. ಕಥೆ ಮುಗಿಯಿತು.

(ಇಲ್ಲ, ಕೂತುಕೊಳ್ಳಿ.)

೧.

ಫೇಸ್‌ಬುಕ್ಕಿನಲ್ಲಿ 'ಹೋಗೂಣು ಬರ್ರಿ' ಅಂತ ಒಂದು ಗುಂಪು. ತಿರುಗಾಟದ ಹುಚ್ಚು ಹಿಡಿದವರು, ಹುಚ್ಚು ಹಿಡಿದರೂ ರಜೆ ಸಿಗದವರು, ಬರೀ ಫೋಟೋ ನೋಡಿ ಹೊಟ್ಟೆ ಉರಿದುಕೊಳ್ಳುವವರು, ಎಲ್ಲರೂ ಅದರಲ್ಲಿದ್ದಾರೆ. ವಿಜಯಾ ಅದರ ಅಡ್ಮಿನ್. ಗುಂಪಿನ ಜೀವವೆಂದರೆ ಕಿಟಕಿ ಕಾಕಾ. ನಿಜವಾದ ಹೆಸರು ದುಂಡಪ್ಪ, ಊರು ದೊಡವಾಡ. ಇಷ್ಟು ಬಿಟ್ಟರೆ ಅವರ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಮುಖವನ್ನೂ ಯಾರೂ ಕಂಡಿರಲಿಲ್ಲ. ಅವರು ಹಾಕುತ್ತಿದ್ದದ್ದೆಲ್ಲ ಬಸ್ಸಿನ ಕಿಟಕಿಯಿಂದ ತೆಗೆದ ಫೋಟೋಗಳು. ಯಾರು ಯಾವ ಊರಿಗೆ ಹೊರಟೆನೆಂದರೂ ಕಾಕಾ ಹೇಳುತ್ತಿದ್ದುದು ಒಂದೇ: ಬಸ್ಸಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಬಡಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ವಿಜಯಾ ಅಂಜುತ್ತಲೇ ಗುಂಪಿನಲ್ಲಿ ಕೇಳಿದ್ದಳು: ಹೆಣ್ಣುಮಗಳು ಒಬ್ಬಳೇ ಬಾದಾಮಿಗೆ ಹೋಗಿಬರಬಹುದಾ? ಗಂಡಸರು ಸಾಲುಗಟ್ಟಿ ಬಂದರು. ತಮ್ಮನನ್ನು ಕರೆದುಕೊಂಡು ಹೋಗಿ ಎಂದವರು, ಕಾಲ ನೆಟ್ಟಗಿಲ್ಲ ಎಂದವರು, ಮದುವೆಯಾದ ಮೇಲೆ ಹೋದರಾಯಿತು ಎಂದವರು. ಅವರೆಲ್ಲರ ಕೆಳಗೆ ಕಾಕಾ ಬರೆದಿದ್ದರು: "ಹೋಗಿ ಬಾ ಯವ್ವಾ. ಮುಂಜಾನಿ ಬಸ್ಸಿಗೆ ಎಡಗಡಿ ಕುಂದ್ರು, ಬಿಸಲ ಬಡಿಯೂದಿಲ್ಲ." ವಿಜಯಾ ಹೋದಳು. ಎಡಗಡೆ ಕೂತಳು. ಬಿಸಿಲು ಬಡಿಯಲಿಲ್ಲ. ಆಮೇಲೆ ಅವಳನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗಲಿಲ್ಲ.

ಅಂಥ ಕಾಕಾನ ಖಾತೆಯಲ್ಲಿ ಒಂದು ದಿನ ಅವರ ಅಳಿಯ ಒಂದು ಸಾಲು ಹಾಕಿದ: "ನಮ್ಮ ಮಾವನವರಾದ ದುಂಡಪ್ಪನವರು ಲಿಂಗೈಕ್ಯರಾದರು." ಗುಂಪಿಗೆ ಗುಂಪೇ ಅಳುವ ಎಮೋಜಿಯಾಯಿತು. ಅದರ ನಡುವೆ ಯಾರೋ ಸುದ್ದಿ ಓದದವನೊಬ್ಬ ರೂಢಿಯಂತೆ ಕೇಳಿದ: "ಕಾಕಾ, ಕೊಲ್ಹಾಪುರಕ್ಕ ಯಾವ ಕಡೆ ಕುಂದರಲಿ?" ಉತ್ತರ ಬರಲಿಲ್ಲ. ಕಾಕಾ ಸತ್ತದ್ದು ನಿಜವೆಂದು ವಿಜಯಾಗೆ ಆಗ ಅನ್ನಿಸಿತು. ಸ್ಟಾಫ್‌ರೂಮಿನಲ್ಲಿ ಪೇಪರು ತಿದ್ದುತ್ತ ಕೂತವಳು ಕೆಂಪು ಪೆನ್ನು ಕೆಳಗಿಟ್ಟಳು.

೨.

ದೊಡವಾಡಕ್ಕೆ ಹೋಗಿ ಮನೆಯವರನ್ನು ಕಂಡು ಬರೋಣ ಎಂದು ಅವಳು ಬರೆದಾಗ ಬರುತ್ತೇವೆ ಎಂದವರು ಬಹಳ. ಬಂದವರು ರಾಮದುರ್ಗದ ಬಾಬುಸಾಬರು ಒಬ್ಬರೇ. ಕ್ರೂಸರ್ ಗಾಡಿ ಇಟ್ಟುಕೊಂಡು ಜನರನ್ನು ಊರೂರು ಸುತ್ತಿಸುವ ಮನುಷ್ಯ. ಅಳು ಅವರಿಗೆ ಬಹಳ ಹತ್ತಿರ. ಸವದತ್ತಿ ದಾಟುವಾಗಲೇ ಶುರುವಾದ ಅಳು ಬೈಲಹೊಂಗಲದಲ್ಲಿ ವಿಜಯಾ ಗಾಡಿ ಹತ್ತಿದಾಗಲೂ ನಿಂತಿರಲಿಲ್ಲ.

"ಒಮ್ಮೆ ಕೇಳಿದ್ನಿರಿ ಮೇಡಂ, ಕಾಕಾ, ಡ್ರೈವರಗ ಎಲ್ಲಾ ಕಡಿಂದೂ ಬಿಸಲ ಬಡೀತೈತಿ, ನಾ ಏನ್ ಮಾಡಲಿ ಅಂತ. ನೆಳ್ಳ ಕಂಡಲ್ಲಿ ನಿಂದರ್ಸಿ ಚಾ ಕುಡಿ ಬಾಬುಸಾಬ, ಅಂದ್ರು. ಇಷ್ಟ ವರ್ಷದಾಗ ನನಗ ನಿಂದರ್ಸು ಅಂದವರು ಅವರೊಬ್ರ."

ಕಿತ್ತೂರಿನ ಮಧು ಬರಲಾಗದ್ದಕ್ಕೆ ಒಂದು ಫ್ಲೆಕ್ಸ್ ಮಾಡಿಸಿ ಬಸ್ಸಿನಲ್ಲಿ ಕಳಿಸಿದ್ದ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಹೋಗೂಣು ಬರ್ರಿ ಬಳಗ'. ನಡುವೆ ಮುಖ ಇರಬೇಕಾದಲ್ಲಿ ಒಂದು ಬಸ್ಸಿನ ಕಿಟಕಿ. (ಇದು ನಾನು ಕಟ್ಟಿದ್ದಲ್ಲ. ನಾನು ಕಟ್ಟಿದ್ದರೆ ನೀವು ನಂಬುವಂಥದ್ದನ್ನು ಕಟ್ಟುತ್ತಿದ್ದೆ.)

ದೊಡವಾಡದ ಬಸ್‌ಸ್ಟ್ಯಾಂಡಿನಲ್ಲಿ ವಿಜಯಾ ಕೇಳಿದಳು: "ಇತ್ತಿತ್ತಲಾಗ ತೀರಿಕೊಂಡ್ರಲ್ಲ, ದುಂಡಪ್ಪನವರು, ಅವರ ಮನಿ ಎಲ್ಲೈತ್ರಿ?"

"ಅಲ್ಲೆ ಪೆಂಡಾಲ ಕಾಣಸ್ತೈತಲ್ರಿ, ಅದ."

ಅದೇ. ಪೆಂಡಾಲು ಇತ್ತು, ಹೆಂಗಸರು ಕೂತಿದ್ದರು, ಕುರ್ಚಿಯ ಮೇಲೆ ರುಮಾಲು ಸುತ್ತಿದ ಹಿರಿಯರೊಬ್ಬರ ಫೋಟೋ ಇತ್ತು. ಇಷ್ಟು ದಿನ ನೋಡಬೇಕೆಂದಿದ್ದ ಮುಖ ಇದು ಎಂದುಕೊಂಡು ವಿಜಯಾ ಹಾರ ಹಾಕಿದಳು. ಬಾಬುಸಾಬರು ಪೆಂಡಾಲಿನ ಗಳಕ್ಕೆ ಫ್ಲೆಕ್ಸ್ ಕಟ್ಟಿ, ಅದರ ಕೆಳಗೆ ಕೂತು ದನಿ ತೆಗೆದು ಅತ್ತರು. ಅವರ ಅಳು ಕೇಳಿ, ಅತ್ತು ಸುಸ್ತಾಗಿದ್ದ ಹೆಂಗಸರು ಮತ್ತೆ ಶುರುಮಾಡಿದರು.

೩.

ದುಂಡಪ್ಪನವರ ಹೆಂಡತಿ ಕರೆವ್ವ ಗೋಡೆಗೆ ಒರಗಿ ಕೂತಿದ್ದರು. ವಿಜಯಾ ಅವರ ಕೈ ಹಿಡಿದು ಬಾದಾಮಿಯ ಕಥೆ ಹೇಳಿದಳು, ಎಡಗಡೆಯ ಕಿಟಕಿ ಹೇಳಿದಳು, ಗೋಕರ್ಣದ ಫೋಟೋ, ಕನ್ಯಾಕುಮಾರಿಯ ಫೋಟೋ, ಮನಾಲಿಯ ಹಿಮ, ಎಲ್ಲ ಹೇಳಿದಳು.

"ಯಾರು?" ಎಂದರು ಕರೆವ್ವ.

"ಕಾಕಾರು. ನಿಮ್ಮವರು."

"ನಮ್ಮವರು ಎಲ್ಲಿ ಹೋಗ್ಯಾರ ಯವ್ವಾ? ವರ್ಷದಾಗ ನಾಕೈದ ಸಲ ಧಾರವಾಡ ಕೋರ್ಟಿಗೆ ತಾರೀಖ ಅಂತ ಹೊಕ್ಕಿದ್ರು. ಎರಡ ದಿನ ಬಿಟ್ಟು ಬರತಿದ್ರು. ಅಷ್ಟ."

ಬಾಗಿಲಲ್ಲಿ ನಿಂತಿದ್ದ ಮಗ ಬಸವಣ್ಣೆಪ್ಪನ ಮುಖ ಒಂದು ನಮೂನೆಯಾಯಿತು.

"ಯವ್ವಾ, ಹೊಲದ ಕೇಸ ರಾಜಿ ಆಗಿ ಭಾಳ ವರ್ಷ ಆತು."

"ಏನಂದಿ?"

"ರಾಜಿ ಆಗೇತಿ. ಕಾಗದಕ್ಕ ನಾನೂ ಸಹಿ ಮಾಡೇನಿ. ಆಮ್ಯಾಲೂ ಅಪ್ಪ ತಾರೀಖ ತಾರೀಖ ಅಂತ ಹೊಕ್ಕಿದ್ದ. ಹಿರ್ಯಾರನ್ನ ಹೆಂಗ ಕೇಳೂದಂತ ಸುಮ್ನಿದ್ದೆ." ಅವನು ಫ್ಲೆಕ್ಸಿನ ಕಿಟಕಿಯನ್ನೇ ನೋಡಿದ. "ಹಂಗಾರ ತಾರೀಖ ಅಂದ್ರ ಮನಾಲಿ!"

(ಎರಡು ದಿನದಲ್ಲಿ ಮನಾಲಿಗೆ ಹೋಗಿ ಬರುವುದು ಹೇಗೆ ಎಂದು ನೀವು ಲೆಕ್ಕ ಹಾಕುತ್ತಿದ್ದೀರಿ. ಸತ್ತ ಮನೆಯಲ್ಲಿ ಯಾರೂ ಆ ಲೆಕ್ಕ ಹಾಕುವುದಿಲ್ಲ.)

ಕರೆವ್ವನಿಗೆ ಮೊದಲು ಸಿಟ್ಟು ಬಂತು. ಎದ್ದು ಹೋಗಿ ಫೋಟೋದ ಮುಂದೆ ನಿಂತರು. "ಮನಾಲಿಗೆ ಹೋದವರು ನನಗೊಂದು ಶಾಲ ತರಬಾರದ? ಸಂಗಾಟ ಬಾ ಅಂತ ಬಾಯಿಮಾತಿಗಾದ್ರೂ ಅನಬಾರದ?" ಆಮೇಲೆ ಪಕ್ಕದ ಹೆಂಗಸಿನ ಕಡೆ ತಿರುಗಿದರು. ದನಿಯಲ್ಲಿ ಇನ್ನೇನೋ ಸೇರಿಕೊಂಡಿತ್ತು. "ಕನ್ಯಾಕುಮಾರಿ ನೋಡ್ಯಾರಂತ ನಮ್ಮವರು. ಸಮುದ್ರ ಮೂರೂ ಕಡಿಂದ ಬರತೈತಂತ." ಜೀವಮಾನವೆಲ್ಲ ಹೂಂ, ಉಹೂಂ ಎಂಬ ಎರಡು ಮಾತಿನಲ್ಲಿ ಸಂಸಾರ ಮಾಡಿದ ಗಂಡನ ಬಗ್ಗೆ ಅವರಿಗೆ ಮೊಟ್ಟಮೊದಲ ಸಲ ಹೇಳಿಕೊಳ್ಳಲು ಏನಾದರೂ ಸಿಕ್ಕಿತ್ತು.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಾಬುಸಾಬರು ಬಿಡಲಿಲ್ಲ. "ಆ ಫೋಟೋ ತಗದ ಫೋನ ಒಂದ ಸಲ ಕೊಡ್ರಿ, ಕಣ್ಣಿಗೆ ಒತ್ತಿಕೋತೇನಿ" ಎಂದರು. ಬಸವಣ್ಣೆಪ್ಪ ಒಳಗಿನಿಂದ ತಂದುಕೊಟ್ಟ. ಬಟನ್ ಫೋನು. ಹಿಂದಿನ ಮುಚ್ಚಳ ಬೀಳದಂತೆ ರಬ್ಬರ್ ಬ್ಯಾಂಡ್ ಹಾಕಿತ್ತು. ಕ್ಯಾಮೆರಾ ಇರಲಿಲ್ಲ.

ಬಾಬುಸಾಬರ ಅಳು ನಡುವೆಯೇ ನಿಂತಿತು. ವಿಜಯಾ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಡೆದು ತಡೆದು ಕೇಳಿದಳು: "ಅವ್ವಾರ, ಊರಾಗ ಇನ್ನೊಬ್ರು ದುಂಡಪ್ಪ ಅಂತ...?"

"ಕೆಳಗಿನ ಓಣ್ಯಾಗ ಇದ್ರಲ್ಲ, ಡೇರಿ ದುಂಡಪ್ಪ. ಪಾಪ, ಅವರೂ ಇದ ವಾರದಾಗ ಹೋದ್ರು. ಯಾಕವ್ವಾ?"

೪. (ಹೊಡೆದು ಹಾಕಿದ್ದು)

ನನ್ನ ಎರಡನೆಯ ಡ್ರಾಫ್ಟಿನಲ್ಲಿ ಅವರಿಬ್ಬರೂ ಸುಮ್ಮನೆ ಕೈಮುಗಿದು ಎದ್ದುಹೋಗುತ್ತಾರೆ. ಬಾಬುಸಾಬರಿಗೆ ಅದು ಬಹಳ ಹಿಡಿಸಿತು. "ಸರ ಬರದದ್ದ ಬರೋಬ್ಬರಿ ಐತಿ" ಎಂದು ಈಗಲೂ ಹೇಳುತ್ತಾರೆ. ವಿಜಯಾ ಒಪ್ಪಲಿಲ್ಲ.

"ಕರೆವ್ವ ಸುಖವಾಗಿದ್ದಾರೆ ವಿಜಯಾ. ಮನಾಲಿ ನೋಡಿದ ಗಂಡ ಸಿಕ್ಕಿದ್ದಾನೆ. ಯಾಕೆ ಕಸಿದುಕೊಳ್ಳುತ್ತೀರಿ?"

"ಅದು ಬ್ಯಾರೆಯವರ ಗಂಡ ಸರ!"

ಎರಡನೆಯ ಡ್ರಾಫ್ಟಿನ ಮೇಲೆ ಗೀಟು ಎಳೆದೆ.

೪.

ಹೇಳಿದಳು. ವಿಜಯಾ ಎಲ್ಲ ಹೇಳಿ, ಕರೆವ್ವನ ಕಾಲು ಮುಟ್ಟಿದಳು. "ತಪ್ಪಾತ್ರಿ ಅವ್ವಾರ. ನಾವು ಅತ್ತಿದ್ದು ಕೆಳಗಿನ ಓಣಿಯವರಿಗೆ. ನಿಮ್ಮವರು ಮನಾಲಿಗೆ ಹೋಗಿಲ್ರಿ."

ಬಸವಣ್ಣೆಪ್ಪ ತಲೆ ತಗ್ಗಿಸಿದ. ಬಾಬುಸಾಬರು ಮೆಲ್ಲಗೆ ಫ್ಲೆಕ್ಸಿನ ಗಂಟು ಬಿಚ್ಚತೊಡಗಿದರು. ಕರೆವ್ವ ಬೈಯುತ್ತಾರೆಂದು ವಿಜಯಾ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಹಂಗಾರ," ಎಂದರು ಕರೆವ್ವ, "ನಮ್ಮವರು ತಾರೀಖ ಅಂತ ಎಲ್ಲಿಗೆ ಹೊಕ್ಕಿದ್ರು?"

ಕೇಸು ಮುಗಿದಿತ್ತು. ಮನಾಲಿ ಇನ್ನೊಬ್ಬರದಾಗಿತ್ತು. ನಡುವೆ ವರ್ಷಕ್ಕೆ ನಾಲ್ಕೈದು ಸಲದ ಎರಡೆರಡು ದಿನಗಳು ಹಾಗೇ ಉಳಿದವು. ಅವನ್ನು ಕೆದಕಿ ಹೊರಗೆ ಹಾಕಿದ್ದು ವಿಜಯಾ. ಮತ್ತೆ ಒಳಗೆ ಹಾಕುವುದು ಅವಳ ಕೈಯಲ್ಲಿರಲಿಲ್ಲ.

ನಾನು ಸಹಾಯಕ್ಕೆ ಹೋದೆ. ಧಾರವಾಡದಲ್ಲಿ ಇನ್ನೊಂದು ಸಂಸಾರವಿತ್ತು ಎಂದು ಬರೆಯಲೇ? ಕರೆವ್ವ ನನ್ನ ಕಡೆಯೇ ನೋಡಿದ ಹಾಗಾಯಿತು. "ಅಷ್ಟ ಧೈರ್ಯ ಇದ್ದಿದ್ರ ನನ್ನ ಸಂಗಾಟ ನಾಕ ಮಾತ ಆಡತಿದ್ರು" ಎಂದರು. ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಸುಮ್ಮನೆ ಕೂತು ಬರುತ್ತಿದ್ದರು ಎಂದು ಬರೆಯಲೇ? ಅದಕ್ಕೆ ಬಸವಣ್ಣೆಪ್ಪನಿಗೆ ಅಳು ಬಂತು. ಹೊಡೆದು ಹಾಕಿದೆ.

ಕರೆವ್ವ ಎದ್ದು ಸೆರಗು ತಲೆಯ ಮೇಲೆ ಎಳೆದುಕೊಂಡರು. "ನಡೀರಿ, ಕೆಳಗಿನ ಓಣಿಗೆ. ನಾನೂ ಬರತೇನಿ."

"ಈಗ ಹೊರಗ ಹೊಕ್ಕಿಯೇನ?" ಎಂದಳು ಒಬ್ಬ ಹೆಂಗಸು.

"ನಮ್ಮಾಗ ಸೂತಕ ಗೀತಕ ಎಲ್ಲೈತಿ? ಕೊಳ್ಳಾಗ ಲಿಂಗ ಐತಿ." ಆಮೇಲೆ ವಿಜಯಾಗೆ: "ಹಾರ ಮಾತ್ರ ಬಿಚ್ಚಬ್ಯಾಡ್ರಿ. ನಮ್ಮವರಿಗೆ ಪ್ಯಾಟಿ ಹಾರ ಹಾಕಿದವರು ನೀವ ಮೊದಲು."

೫.

ಕೆಳಗಿನ ಓಣಿಯ ಮನೆಯಲ್ಲಿ ಪೆಂಡಾಲಿರಲಿಲ್ಲ. ಕಿಟಕಿ ಕಾಕಾನ ಹೆಂಡತಿ ಗುರುಬಸವ್ವ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ವಿಜಯಾ ಎದುರು ಕೂತಳು. ಮಾತಾಡುವುದೆಲ್ಲ ಮೇಲಿನ ಓಣಿಯಲ್ಲಿ ಖರ್ಚಾಗಿತ್ತು. ಬಾಬುಸಾಬರು ಎಷ್ಟು ತಿಣುಕಿದರೂ ಒಂದು ಹನಿ ಬರಲಿಲ್ಲ.

ಮಾತಾಡಿದವರು ಕರೆವ್ವ. ಅರ್ಧ ತಾಸಿನ ಹಿಂದೆ ಕೇಳಿದ್ದನ್ನೆಲ್ಲ ಹೇಳಿದರು. ಈ ಹುಡುಗಿ ಬಾದಾಮಿಗೆ ಹೋದದ್ದು, ಗಂಡಸರು ಬ್ಯಾಡ ಅಂದದ್ದು, ನಿಮ್ಮವರು ಹೋಗಿ ಬಾ ಅಂದದ್ದು. "ಒಬ್ಬಾಕಿ ಹೆಣ್ಣಮಗಳಿಗೆ ಹೋಗಿ ಬಾ ಅನ್ನಾಕ ಎಷ್ಟ ದೊಡ್ಡ ಮನಸ ಬೇಕು ಗುರುಬಸವ್ವಾ! ನಾ ಅವರಿಗೆ ಕಣ್ಣಾಗಿನ ನೀರ ಹಾಕಿ ಬಂದೇನಿ, ನಮ್ಮವರಂತ ತಿಳಕೊಂಡು." ವಿಜಯಾ ಆಗ ಅತ್ತಳು. ದಾರಿಯುದ್ದಕ್ಕೂ ಬಾರದಿದ್ದದ್ದು ಬಂತು.

ಫ್ಲೆಕ್ಸ್ ಬಿಚ್ಚಿ ತೋರಿಸಿದರು. ಮುಖದ ಜಾಗದಲ್ಲಿದ್ದ ಕಿಟಕಿಯನ್ನು ಗುರುಬಸವ್ವ ದಿಟ್ಟಿಸಿದರು. "ಬರೋಬ್ಬರಿ ಐತಿ. ಮನ್ಯಾಗ ಇದ್ದಾಗೂ ಹೊರಗ ನೋಡಕೋತನ ಇರತಿದ್ರು."

"ನೀವೂ ಸಂಗಾಟ ಹೊಕ್ಕಿದ್ರೇನ್ರಿ?" ವಿಜಯಾ ಕೇಳಿದಳು.

"ನನಗ ಬಸ್ ಹತ್ತಿದ್ರ ವಾಂತಿ ಯವ್ವಾ. ಬೈಲಹೊಂಗಲ ಮುಟ್ಟೂದರಾಗ ಸತ್ತ ಹೊಕ್ಕೇನಿ. ಅದಕ ಫೋಟೋ ತಗದು ಮೊದಲ ನನಗ ತೋರಸೂದು, ಆಮ್ಯಾಲೆ ನಿಮಗ ಹಾಕೂದು. ನನಗ ಓದಾಕ ಬರೂದಿಲ್ಲ, ಹೆಬ್ಬಟ್ಟು ಒತ್ತಾಕ ಬರತೈತಿ. ಮೊದಲನೇ ಲೈಕ ನಂದ ಇರತಿತ್ತು."

ಬಾಬುಸಾಬರು ನಕ್ಕುಬಿಟ್ಟರು, ನಕ್ಕದ್ದಕ್ಕೆ ಕ್ಷಮೆ ಕೇಳಿದರು, ಕೇಳುತ್ತ ಕೇಳುತ್ತ ಅತ್ತರು.

೬, ಅಥವಾ ಮುಗಿಸಲಾಗದ್ದು

ಇಲ್ಲಿ ಮುಗಿಸಬಹುದು. ಇಬ್ಬರು ಹೆಂಗಸರು ಕಟ್ಟೆಯ ಮೇಲೆ ಮೆಂತ್ಯ ಸೋಸುತ್ತಾರೆ. ನೀವು ಕಣ್ಣೊರೆಸಿಕೊಂಡು ಪುಟ ತಿರುಗಿಸುತ್ತೀರಿ. ಅಥವಾ ವಿಜಯಾ ಗುರುಬಸವ್ವನನ್ನು ಗುಂಪಿಗೆ ಸೇರಿಸುತ್ತಾಳೆ. ಎಲ್ಲರ ಫೋಟೋಗೂ ದೊಡವಾಡದಿಂದ ಒಂದು ಹೆಬ್ಬೆಟ್ಟು ಬೀಳತೊಡಗುತ್ತದೆ. ಎರಡೂ ಆದವು. ಆದರೆ ಕಥೆ ಅಲ್ಲಿ ನಿಲ್ಲಲಿಲ್ಲ, ಯಾಕೆಂದರೆ ಕರೆವ್ವ ಏಳಲೊಲ್ಲರು.

"ಗುರುಬಸವ್ವಾ, ನಿಮ್ಮವರು ಅಷ್ಟ ಊರ ತಿರಗ್ಯಾರ. ಬಸ್ಸಿನಾಗ, ಸ್ಟ್ಯಾಂಡಿನ್ಯಾಗ ನಮ್ಮವರನ್ನ ಎಲ್ಲ್ಯರ ಕಂಡೇನಿ ಅಂದಿದ್ರೇನು?"

ಗುರುಬಸವ್ವ ಯೋಚಿಸಿದರು. "ಅಂದಿದ್ದಿಲ್ಲ. ಅವರು ಜನರನ್ನ ಎಲ್ಲಿ ನೋಡತಿದ್ರು? ಆದ್ರ ಫೋಟೋದಾಗ ಯಾರ್ಯಾರೋ ಬಂದಿರತಾರ." ಒಳಗೆ ಹೋಗಿ ಕಾಕಾನ ಫೋನು ತಂದರು.

ನಾನು ವಿಜಯಾಗೆ ಫೋನಿನಲ್ಲಿ ಹೇಳಿದೆ, ಇದು ಸಾಧ್ಯವಿಲ್ಲ, ಸಾವಿರಾರು ಫೋಟೋ, ಅದರಲ್ಲಿ ಒಬ್ಬ ಮನುಷ್ಯ ಸಿಗುವುದೆಂದರೆ ಓದುಗರು ನನ್ನನ್ನು ನಂಬುವುದಿಲ್ಲ. ವಿಜಯಾ ಫೋನು ಕಟ್ ಮಾಡಿದಳು.

ಗುರುಬಸವ್ವ ಬೆರಳಿನಿಂದ ಸರಿಸುತ್ತ ಹೋದರು. ಅರ್ಧ ಗುಡ್ಡ. ಅರ್ಧ ಕೆರೆ. ಯಾವುದೋ ಊರಿನ ಪ್ಲಾಟ್‌ಫಾರ್ಮಿನ ಮೇಲೆ ಬಾಳೆಹಣ್ಣಿನವಳು. ಯಾವುದೋ ಡಿಪೋದ ಗೋಡೆ. ಕಲ್ಲುಬೆಂಚಿನ ಮೇಲೆ ಕೂತ ಮಂದಿ. ಮಳೆ ಬಿದ್ದ ಗಾಜು. ಕರೆವ್ವ ಕಣ್ಣು ಕಿರಿದು ಮಾಡಿಕೊಂಡು ಒಂದೊಂದನ್ನೂ ನೋಡಿದರು. ಬಿಸಿಲು ಕಟ್ಟೆಯಿಂದ ಇಳಿದು ಓಣಿಗೆ ಬಂತು. ಬಸವಣ್ಣೆಪ್ಪ ತಾಯಿಯನ್ನು ಕರೆಯಲು ಬಂದವನು ತಾನೂ ಬಗ್ಗಿ ನಿಂತ.

"ತಡೀ," ಎಂದರು ಕರೆವ್ವ. "ಒಂದ ಹಿಂದ ಸರಸು."

ಗುರುಬಸವ್ವ ಬೆರಳನ್ನು ಹಿಂದಕ್ಕೆ ಎಳೆದರು. ಎಲ್ಲರ ತಲೆ ಒಂದೇ ಫೋನಿನ ಮೇಲೆ ಬಾಗಿತು. ಕರೆವ್ವ ಬೆರಳೆತ್ತಿ ಏನನ್ನೋ ತೋರಿಸುತ್ತಿದ್ದಾರೆ. ಏನೆಂದು ಹೇಳಬೇಕೆಂದು ನನಗೂ ಬಹಳ ಆಸೆ ಓದುಗರೇ, ಆದರೆ ಬಾಬುಸಾಬರ ತಲೆ ಅಡ್ಡ ಬಂದಿದೆ. ಸ್ವಲ್ಪ ಸರೀರಿ ಎಂದರೆ ಸರಿಯುತ್ತಿಲ್ಲ.