ಸರ್ಕಾರಿ ಪೇಟಿ

ನಾಲ್ಕು ಜನ ಹಿಡಿದು ಸೂಗಪ್ಪನ ಹೆಣವನ್ನು ಗೋಡೆಗೊರಗಿಸಿ ಕೂರಿಸುತ್ತಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ಶಂಭುಲಿಂಗಪ್ಪನ ಹೊಟ್ಟೆ ಇವತ್ತೂ ಉರಿಯಿತು. ನೋಡು, ಸತ್ತ ಮೇಲೂ ಭಜನಾ ಸಂಘದ ಅಧ್ಯಕ್ಷನ ಹಾಗೆಯೇ ಕೂತಿದ್ದಾನೆ. ತಾನು ಬಂದದ್ದಾದರೂ ಯಾಕೆ? ಆ ಹಾರ್ಮೋನಿಯಂ ಪೇಟಿ ಇನ್ನು ಯಾರ ಮನೆ ಸೇರುತ್ತದೆಂದು ನೋಡಲು.

ಹಿರೇಕೊಟ್ನೆಕಲ್ ಊರಿನಲ್ಲಿ, ಕೂರಿಸಿದ ಹೆಣದ ಮುಂದೆ ಭಜನೆಯಾಗದೆ ಮಣ್ಣಿಗೆ ಒಯ್ಯುವುದಿಲ್ಲ.

"ಶಂಭಣ್ಣ, ನೀ ಕುಂದ್ರಪಾ," ಅಂದ ತಾಳ ಹಿಡಿದಿದ್ದ ಪರಮಣ್ಣ. "ನಿನ್ನಂಥ ದನಿ ಯಾರಿಗದ?"

"ಅಧ್ಯಕ್ಷರ ಕಡಿಯಾವ್ರು ಹಾಡ್ಲಿ. ನಂದೇನು ಕೆಲಸ?"

*

ಎಪ್ಪತ್ತೆಂಟನೇ ಇಸವಿಯ ತನಕ ಹೀಗಿರಲಿಲ್ಲ. ಸೋಮವಾರಕ್ಕೊಬ್ಬರ ಅಂಗಳ, ಹರಕು ಕಂಬಳಿ, ಎರಡು ತಾಳ, ಶಂಭುಲಿಂಗಪ್ಪನ ಏರುದನಿ. ಮಾತುಬಿಟ್ಟ ಅಣ್ಣತಮ್ಮಂದಿರೂ ಅಲ್ಲಿ ಒಂದೇ ಕಂಬಳಿಯ ಮೇಲೆ ಕೂರುತ್ತಿದ್ದರು.

ಆಮೇಲೆ ಭಜನಾ ಸಂಘಕ್ಕೆ ಸರ್ಕಾರದ ಅನುದಾನ ಬಂತು. ಅಧ್ಯಕ್ಷ ಬೇಕೆಂದಾಗ ಊರು ಸೂಗಪ್ಪನ ಹೆಸರು ಹೇಳಿತು. ಹತ್ತಿ ಗಿರಣಿಯ ಹಮಾಲ, ದನಿಯಿಲ್ಲದವ, ತಾಳ ತಪ್ಪುವವ! ಅನುದಾನದ ದುಡ್ಡಿನಲ್ಲಿ ಕೊಂಡ ಪೇಟಿಯನ್ನು ರಾಯಚೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಅದು ಅವನ ಮನೆಯಲ್ಲೇ ಉಳಿಯಿತು.

"ಸರ್ಕಾರಿ ಪೇಟಿಗೆ ನಾ ಹಾಡಂಗಿಲ್ಲ," ಎಂದು ಶಂಭುಲಿಂಗಪ್ಪ ಎದ್ದುಹೋದ. ಅವನ ಹಿಂದೆ ಅರ್ಧ ಊರೇ ಎದ್ದಿತು. ಒಂದು ಕಡೆಯವರ ಮದುವೆಗೆ ಇನ್ನೊಂದು ಕಡೆಯವರು ಹೋಗುವುದೂ ನಿಂತಿತು. ಪೇಟಿ ಬಂತು, ಭಜನೆ ಹೋಯಿತು.

*

ಸೂಗಪ್ಪನ ಹೆಂಡತಿ ಅಂಬಮ್ಮ ಪೇಟಿ ತಂದು ಶಂಭುಲಿಂಗಪ್ಪನ ಮುಂದಿಟ್ಟಳು.

"ಯಣ್ಣಾ, ಇನ್ನ ಇದು ನಿಂದು. ನಿನ್ನ ಸಲುವಾಗೇ ಇಟ್ಟಿದ್ದ."

"ನನ್ನ ಸಲುವಾಗಿ?"

"ಒಂದ ಸ್ವರದ ಪಟ್ಟಿ ಒತ್ತಿ, ಅದು ಮ್ಯಾಲೇಳದಂಗ ಕಡ್ಡಿ ತುರುಕ್ಯಾನ ನೋಡು. 'ನಮ್ಮ ದನಿ ಅಷ್ಟು ಏರಂಗಿಲ್ಲ, ಕೆಳಗಿಂದು ಹಿಡಿ' ಅಂತ ಮಂದಿ ಅಂದ್ರೂ ಕೇಳಲಿಲ್ಲ. 'ಇದು ಶಂಭು ಹಾಡೋ ಸ್ವರ. ಅವ ಬಂದಾಗ ಹುಡುಕ್ಯಾಡಬಾರ್ದು' ಅಂತಿದ್ದ. ಹಾಡಾವ್ರು ಒಬ್ಬೊಬ್ರ ಬಿಟ್ಟು ಹೋದ್ರು. ಸೋಮವಾರ ಬಂದ್ರ ತಾನೊಬ್ಬನ ಗಾಳಿ ಹಾಕ್ಕೊಂತ ಕುಂದ್ರತಿದ್ದ."

ಶಂಭುಲಿಂಗಪ್ಪ ಪೇಟಿಗೆ ಗಾಳಿ ಹಾಕಿದ. ಹೌದು, ಅವನದೇ ಸ್ವರ. ಎರಡೂ ಕಡೆಯವರು ಹತ್ತಿರ ಸರಿದು ಕೂತರು. ಅವನು ದನಿ ಎತ್ತಿದ. ಅದು ಅರ್ಧಕ್ಕೆ ಏರಿ ಒಡೆಯಿತು. ವರ್ಷಗಟ್ಟಲೆ ಹಾಡು ಬಿಟ್ಟ ಗಂಟಲು. ಇನ್ನೊಮ್ಮೆ ಎತ್ತಿದ, ಮತ್ತೆ ಒಡೆಯಿತು.

"ಕಡ್ಡಿ ತೆಗಿಯಣ್ಣಾ, ಕೆಳಗಿಂದು ಹಿಡಿ," ಅಂದ ಪರಮಣ್ಣ ಮೆಲ್ಲಗೆ.

ಕಡ್ಡಿಯ ಮೇಲೆ ಬೆರಳಿಟ್ಟ. ಕೀಳಲಾಗಲಿಲ್ಲ. ಇನ್ನೊಂದು ಕೈ ಗಾಳಿ ಹಾಕುತ್ತಲೇ ಇತ್ತು. ಎದುರಿಗೆ ಸೂಗಪ್ಪ, ಹಾಡು ಈಗ ಶುರುವಾಗುತ್ತದೆ ಎನ್ನುವಂತೆ, ಗೋಡೆಗೊರಗಿ ಕೂತಿದ್ದ.