ಮಸಿಯ ಬಾಗಿಲ ಮೇಲಿನ ಸೊನ್ನೆ

ನಮ್ಮ ಲಾಯದಲ್ಲಿ ಒಂದು ಪದ್ಧತಿಯಿತ್ತು. ಗಬ್ಬ ನಿಲ್ಲದ ಹೆಣ್ಣು ಕುದುರೆಯ ಬಾಗಿಲ ಮೇಲೆ ಡಾಕ್ಟರಾದ ನಾನು ಸೀಮೆಸುಣ್ಣದಲ್ಲಿ ಸೊನ್ನೆ ಬರೆಯಬೇಕು. ಸತತ ಮೂರು ವರ್ಷ ಸೊನ್ನೆ ಬಿದ್ದ ಕುದುರೆಯನ್ನು ಯಜಮಾನರು ತಿಂಗಳ ಕೊನೆಗೆ ಬರುವ ಕಸಾಯಿಖಾನೆಯ ಲಾರಿಗೆ ಹತ್ತಿಸಿ ಕಳಿಸಿಬಿಡುತ್ತಿದ್ದರು.

ಮಸಿ ಎಂಬ ಕಪ್ಪು ಕುದುರೆಗೆ ಅದು ಮೂರನೆಯ ವರ್ಷ. ಗಂಡಿನೊಡನೆ ಕೂಡಿಸಿದ ಹದಿನಾಲ್ಕನೆಯ ದಿನ ಸ್ಕ್ಯಾನ್ ಮಾಡಿದೆ. ಗರ್ಭಕೋಶ ಖಾಲಿ. ಅನುಮಾನವೇ ಬೇಡವೆಂದು ಇನ್ನೊಮ್ಮೆ ನೋಡಿ, ಸೊನ್ನೆ ಬರೆದು ಕೈ ಒರೆಸಿಕೊಂಡೆ.

ಮರುದಿನ ಸೊನ್ನೆ ಇರಲಿಲ್ಲ. ಮತ್ತೆ ಬರೆದೆ. ಅದರ ಮರುದಿನವೂ ಇರಲಿಲ್ಲ.

"ಯಾರು ಅಳಿಸಿದ್ದು?"

ಸದಾ ಗೊಣಗುವ ಲಾಯದ ಆಳು ಗೊಣಗಜ್ಜ ಬಕೆಟ್ಟು ಕೆಳಗಿಟ್ಟರು. ಮಸಿ ಹುಟ್ಟಿದ ದಿನದಿಂದ ಅವಳನ್ನು ನೋಡಿಕೊಂಡವರು ಅವರೇ. "ಕುದುರೆ ನೆಕ್ಕಿರ್ಬೇಕು ಡಾಕ್ಟ್ರಮ್ಮ. ಉಪ್ಪು ಅಂದ್ಕೊಂಡು."

"ಬಾಗಿಲ ಹೊರಗಡೆನಾ?"

"ಅವಳ ನಾಲಿಗೆ ಉದ್ದ. ನಮ್ಮನೆಯೋಳಿಗಿಂತ ಸ್ವಲ್ಪ ಕಮ್ಮಿ, ಅಷ್ಟೇ."

ನಗು ಬಂತು. ಆದರೂ ಒತ್ತಿ ಬರೆದು, ಇನ್ನೊಮ್ಮೆ ಅಳಿಸಿದರೆ ಯಜಮಾನರಿಗೆ ಹೇಳುತ್ತೇನೆ ಎಂದೆ. ಅಜ್ಜ ಆಮೇಲೆ ಅದನ್ನು ಮುಟ್ಟಲಿಲ್ಲ.

ಲಾರಿ ಬರುವ ಹಿಂದಿನ ದಿನ ಬೆಳಿಗ್ಗೆ ಅಜ್ಜ ನನ್ನ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದರು.

"ಡಾಕ್ಟ್ರಮ್ಮ, ಮಸಿಗೆ ಬೆದೆ ಬರೋ ದಿನ ದಾಟಿ ವಾರ ಆಯ್ತು. ನಿನ್ನೆ ಗಂಡು ಕುದುರೆನ ಬೇಲಿ ಹತ್ರ ತಂದೆ. ಕಿವಿ ಹಿಂದಕ್ಕೆ ಮಡಚ್ಕೊಂಡು ಒದ್ದೇಬಿಟ್ಲು. ಖಾಲಿ ಇರೋಳು ಹಾಗ್ ಮಾಡಲ್ಲ."

"ಸಿಟ್ಟಿಗೂ ಒದೀತಾವೆ ಅಜ್ಜ. ಹದಿನಾಲ್ಕನೇ ದಿನ ನಾನೇ ಕಣ್ಣಾರೆ ನೋಡಿದೀನಲ್ಲ."

"ಹದಿನಾಲ್ಕು ಅಂದ್ರೆ ಎಲ್ಲಿಂದ? ಕೂಡಿಸಿದ್ಮೇಲೂ ನಾಲ್ಕು ದಿನ ಬಾಲ ಎತ್ಕೊಂಡೇ ಇದ್ಲು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಓದ್ದೋರು, ಗೊತ್ತಿರುತ್ತೆ ಅಂದ್ಕೊಂಡೆ."

ನನ್ನ ಪೆನ್ನು ಅಲ್ಲೇ ನಿಂತಿತು. ಬೆದೆ ನಾಲ್ಕು ದಿನ ಮುಂದುವರಿದಿದ್ದರೆ ಅಂಡ ಹೊರಬಂದದ್ದೂ ಅಷ್ಟೇ ತಡವಾಗಿ. ವೀರ್ಯ ಅಲ್ಲಿಯವರೆಗೆ ಕಾದಿರಬಲ್ಲದು. ಹಾಗಾದರೆ ನಾನು ನೋಡಿದಾಗ ಗರ್ಭಕ್ಕೆ ಬರೀ ಹತ್ತು ದಿನ. ನಮ್ಮ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಎಣಿಕೆ ಸರಿಯಿತ್ತು, ಎಣಿಸಲು ಶುರುಮಾಡಿದ ದಿನ ತಪ್ಪಿತ್ತು.

ಇಬ್ಬರೂ ಲಾಯಕ್ಕೆ ಓಡಿದೆವು. ಅಜ್ಜ ಮಸಿಯ ತಲೆ ಹಿಡಿದುಕೊಂಡರು. ಪರದೆಯ ಮೇಲೆ ಒಂದು ಕಪ್ಪು ಗುಳ್ಳೆ ಮೂಡಿತು. ಅದರ ತಳದಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಬೂದು ಚುಕ್ಕೆ. ಚುಕ್ಕೆಯ ನಡುವೆ ಏನೋ ಮಿಣುಕುತ್ತಿತ್ತು.

"ಅಜ್ಜ, ಬಂದು ನೋಡಿ!"

"ಕನ್ನಡಕ ಮನೇಲಿದೆ. ನೀವೇ ಹೇಳಿ."

"ಮರಿ ಎದೆ ಬಡೀತಿದೆ."

ಅವರು ಮಸಿಯ ಕತ್ತಿಗೆ ಮುಖ ಒತ್ತಿಕೊಂಡು ನಿಂತರು.

ಸೊನ್ನೆಯನ್ನು ನನ್ನ ಕೋಟಿನ ತೋಳಿನಿಂದಲೇ ಉಜ್ಜಿ ಅಳಿಸಿದೆ. ಮರುದಿನ ಲಾರಿ ಮಸಿಯ ಬಾಗಿಲು ದಾಟಿ ಮುಂದೆ ಹೋಯಿತು. ನನ್ನ ಪುಸ್ತಕದ ಪ್ರತಿ ಪುಟದಲ್ಲೂ 'ಅಜ್ಜ ಕಂಡದ್ದು' ಎಂಬ ಹೊಸ ಕಾಲಂ ಎಳೆದೆ. ಸ್ಕ್ಯಾನಿಗೆ ಮೊದಲು ಅದನ್ನು ತುಂಬಿಸಿಕೊಳ್ಳುತ್ತೇನೆ.

"ನಿಮ್ಮಿಂದ ಒಂದು ಜೀವ ಉಳೀತು ಅಜ್ಜ. ನಾನೂ ದೊಡ್ಡ ತಪ್ಪಿಂದ ಉಳ್ಕೊಂಡೆ," ಎಂದೆ.

"ನಂಗ್ಯಾಕೆ ಹೇಳ್ತೀರಿ? ಒದ್ದೋಳಿಗೆ ಹೇಳಿ."

ಹೋಗಿ ಹೇಳಿದೆ. ಮಸಿ ನನ್ನ ಕೋಟಿನ ತೋಳಿಗೆ ಅಂಟಿದ್ದ ಸುಣ್ಣವನ್ನು ಮೂಸಿ, ನಿಧಾನವಾಗಿ ನೆಕ್ಕತೊಡಗಿದಳು.